ಕೈಪರೋವಿಟ್ಸ್ ಜೇಡಿಗಲ್ಲಿಗೆ ಸೀಮೆಎಣ್ಣೆ: ನನ್ನ ಅನುಭವ

ಅಮೆರಿಕದ ಯೂಟಾದ ಕೈಪರೋವಿಟ್ಸ್ ಪ್ರಸ್ಥಭೂಮಿಯ ಬೂದುಬಣ್ಣದ ಜೇಡಿಗಲ್ಲಿನಿಂದ ಸಣ್ಣ ಸಸ್ತನಿಗಳ ಪಳೆಯುಳಿಕೆ ಹಲ್ಲು ತೆಗೆಯಲು ಸೀಮೆಎಣ್ಣೆ ನಡೆಯದು ಎಂದವರೇ ಹೆಚ್ಚು. ‘ಒಳಗೆ ಸುಣ್ಣದ ಬೆಸುಗೆ ಇದೆ, ಎಣ್ಣೆ ದಂಡ’ ಎಂದರು. ಮರಳುಗಲ್ಲಿನ ಮಟ್ಟಿಗೆ ಅವರ ಮಾತು ನಿಜ. ವಿನೆಗರ್ ಹನಿಗೆ ನೊರೆ ಎದ್ದರೆ ಆ ಕಲ್ಲು ಅಸಿಟಿಕ್ ಆಸಿಡ್ ತೊಟ್ಟಿಗೇ ಹೋಗಲಿ. ನೊರೆ ಬಾರದ ಜೇಡಿಗಲ್ಲಿನ ಕಥೆ ಬೇರೆ. ಸುಮಾರು 7.5 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿ ಬೂದಿ ಅದರಲ್ಲಿ ಬೆಂಟೊನೈಟ್, ಅಂದರೆ ನೀರು ಹೀರಿ ಉಬ್ಬುವ ಜೇಡಿ, ಆಗಿ ಕೂತಿದೆ.

ಬರೀ ನೀರಿಗೆ ಹಾಕಿದರೆ ಹೊರಪದರ ಉಬ್ಬಿ ಅಂಟಾಗಿ, ನೀರು ಒಳಹೋಗುವ ದಾರಿಯನ್ನೇ ಮುಚ್ಚುತ್ತದೆ. ವಾರ ಬಿಟ್ಟು ಒಡೆದರೂ ನಡು ಒಣಗಿಯೇ ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬೇಗ ಒಡೆಯುತ್ತದೆ, ಆದರೆ ಬಿರುಕಿನೊಳಗೆ ಗುಳ್ಳೆ ಎದ್ದು ಹಲ್ಲಿನ ಹೊರಕವಚವಾದ ಎನಾಮಲ್ ಸಿಡಿಯುತ್ತದೆ; ದುಡ್ಡೂ ಹೋಯಿತು, ಹಲ್ಲೂ ಹೋಯಿತು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸುವುದೂ ಅಷ್ಟೇ.

ಕೆಲಸ ಕೊಟ್ಟದ್ದು ಹೀಗೆ: ಅಡಿಕೆ ಗಾತ್ರಕ್ಕೆ ಒಡೆದು, ಮೊದಲು ಬಿಸಿಲಲ್ಲಿ, ಆಮೇಲೆ ಓವನ್ನಿನಲ್ಲಿ 60 ಡಿಗ್ರಿ ಆಸುಪಾಸಿನಲ್ಲಿ ಪೂರ್ತಿ ಒಣಗಿಸಿದೆ. ಚೂರು ತೇವ ಉಳಿದರೂ ಎಣ್ಣೆ ರಂಧ್ರಗಳಿಗೆ ಇಳಿಯುವುದಿಲ್ಲ. ಸೋತವರಲ್ಲಿ ಹೆಚ್ಚಿನವರು ಇಲ್ಲೇ ಸೋತಿದ್ದು. ಕಲ್ಲು ತಣ್ಣಗಾದ ಮೇಲೆ, ಬಯಲಲ್ಲಿ, ಮುಳುಗುವಷ್ಟು ಸೀಮೆಎಣ್ಣೆ ಸುರಿದು, ಗುಳ್ಳೆ ನಿಲ್ಲುವವರೆಗೆ, ಅಂದರೆ ಗಂಟೆ–ಎರಡು ಗಂಟೆ ಬಿಟ್ಟೆ. ಎಣ್ಣೆ ಬಸಿದು ಬಿಸಿನೀರು ಹಾಕಿದರೆ ಅರ್ಧ ಗಂಟೆಯಲ್ಲಿ ಕಲ್ಲು ಕುಸಿದು ಕೆಸರು. ಬಸಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರೆ ನಾಲ್ಕೈದು ಸುತ್ತಿಗೆ ಬರುತ್ತದೆ, ಹಾಗಾಗಿ ಖರ್ಚು ಕಡಿಮೆ. ಎರಡನೇ ಬಿಸಿನೀರಿಗೆ ನಾನೊಂದು ಪುಡಿ ಸೇರಿಸುತ್ತೇನೆ. ಅದರ ಹೆಸರು ನನ್ನ ಹತ್ತಿರವೇ ಇರಲಿ. ಐಸೊಟೋಪ್ ಪರೀಕ್ಷೆಗೆ ಬೇಕಾದ ಚೂರನ್ನು ಮಾತ್ರ ಮೊದಲೇ ತೆಗೆದಿಡಿ, ಎಣ್ಣೆ ಸೋಕಿದ್ದು ಅದಕ್ಕೆ ಬಾರದು.

ಆ ಕೆಸರನ್ನು ಸೋಸಲು ಮೇಲೆ ಒಂದೂವರೆ, ಕೆಳಗೆ ಅರ್ಧ ಮಿಲಿಮೀಟರಿನ ಜರಡಿ. ನಲ್ಲಿ ನೀರನ್ನು ನೇರ ಬಿಡದೆ ಜರಡಿಯನ್ನೇ ತೊಟ್ಟಿಯಲ್ಲಿ ಅದ್ದಿ ಅಲ್ಲಾಡಿಸಬೇಕು, ಇಲ್ಲದಿದ್ದರೆ ಹಲ್ಲಿನ ಬೇರು ಮುರಿಯುತ್ತದೆ. ನೂರು ಕಿಲೋಗೆ ನಾಲ್ಕೈದು ಕಿಲೋ ಉಳಿಯಿತೆಂದು ನೆನಪು.

ದುಡ್ಡು ತಿಂದದ್ದು ಆಮೇಲಿನ ಹಂತ. ಉಳಿದ ಮರಳಿನಿಂದ ಹಲ್ಲನ್ನು ಬೇರ್ಪಡಿಸುವ ಭಾರದ ದ್ರಾವಣವಾದ ಸೋಡಿಯಂ ಪಾಲಿಟಂಗ್‌ಸ್ಟೇಟ್‌ಗೆ ಲೀಟರಿಗೆ ನೂರಾರು ಡಾಲರ್. ಸಾಂದ್ರತೆ 2.75ಕ್ಕೆ ನಿಲ್ಲಿಸಿದರೆ 2.65ರ ಸ್ಫಟಿಕ ಮರಳು ತೇಲಿ, ಹಲ್ಲು–ಮೂಳೆ ಮುಳುಗುತ್ತವೆ. ತೊಳೆಯಲು ಡಿಸ್ಟಿಲ್ಡ್ ವಾಟರೇ ಬೇಕು. ನಲ್ಲಿ ನೀರಿನ ಕ್ಯಾಲ್ಸಿಯಂ ಸೇರಿದರೆ ಬಿಳಿ ಗಸಿ ಕೂತು ದ್ರಾವಣ ಹಾಳು. ಕಬ್ಬಿಣದ ಗಂಟುಗಳೂ ಮುಳುಗುವುದರಿಂದ ಸೂಕ್ಷ್ಮದರ್ಶಕದಡಿ ಕೈಯಿಂದಲೇ ಆರಿಸಬೇಕು.

ಇದರ ನಡುವೆ ಇರುವೆ ಗೂಡುಗಳನ್ನೂ ನೋಡಿದೆ. ಅಲ್ಲಿನ ಹಾರ್ವೆಸ್ಟರ್ (ಕಾಳು ಕೂಡಿಡುವ) ಇರುವೆಗಳು ಗೂಡಿನ ಮೇಲೆ ಸಣ್ಣ ಹರಳುಗಳನ್ನು ಹೊದಿಸುತ್ತವೆ. ಅವುಗಳಲ್ಲಿ ಗಾರ್ ಎಂಬ ಮೀನಿನ ಹೊಳೆಯುವ ವಜ್ರಾಕಾರದ ಪಳೆಯುಳಿಕೆ ಹುರುಪೆ ಕಂಡರೆ ಸುತ್ತಲ ಪದರ ಚೀಲ ತುಂಬಲು ಯೋಗ್ಯ. ಅನುಮತಿ ಪತ್ರ ಕೈಯಲ್ಲಿದ್ದರೆ ಮಾತ್ರ, ಅದು ಸರ್ಕಾರಿ ಜಮೀನು. ಮಳೆ ಬಿದ್ದ ದಿನ ಆ ಕಡೆ ಹೊರಡಲೇಬೇಡಿ: ರಸ್ತೆಯದ್ದೂ ಅದೇ ಬೆಂಟೊನೈಟ್, ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಕದಲುವುದಿಲ್ಲ.