ಅರ್ಕಾವೊತ್ತು ಮತ್ತು ಹಿಡಿಸೂಡಿ ಕಡ್ಡಿ: ಓದು, ಲೆಕ್ಕ ತೊಡಕಾದ ಮಕ್ಕಳ ಜೊತೆ ತರಗತಿಯಲ್ಲಿ

ನಾಲ್ಕನೇ ತರಗತಿಯ ಹುಡುಗ. ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಅವನು ಪುಸ್ತಕ ಮುಚ್ಚಿದ. ಆಮೇಲೆ ಒಂದು ವಾರ ಬಾಯಿ ಬಿಡಲಿಲ್ಲ. ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದ ಎಂಬುದು ನನಗೆ ಹೊಳೆದದ್ದು ತಡವಾಗಿ. ಅರ್ಕಾವೊತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ಅದನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುವವಳು ನಾನು. ನನ್ನ ತರಗತಿಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳಿದ್ದಾರೆ. ಹಾಗಾಗಿ ಮೊದಲ ಕೆಲಸವೇ ಬೇರೆ: ಮಗುವಿಗೆ ಕನ್ನಡದ ರೂಢಿ ಸಾಲದೋ, ಓದುವುದೇ ತೊಡಕೋ ಎಂದು ನೋಡಬೇಕು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿದ ಮೇಲೆ ನಾನು ಮನೆಮಾತಿನಲ್ಲೇ ಒಂದು ಆಟ ಆಡಿಸುತ್ತೇನೆ. ತುಳು ಮಗುವಿಗೆ, ‘ತಾರಾಯಿ’ (ತೆಂಗಿನಕಾಯಿ) ಪದದಿಂದ ‘ತಾ’ ತೆಗೆದರೆ ಏನುಳಿಯಿತು? ‘ರಾಯಿ’ ಎಂದು ಥಟ್ಟನೆ ಬಂದರೆ ಸದ್ದುಗಳನ್ನು ಬಿಡಿಸಲು ಬರುತ್ತದೆ, ಕನ್ನಡವನ್ನು ಇನ್ನಷ್ಟು ಕೇಳಿಸಬೇಕು, ಮಾತಾಡಿಸಬೇಕು. ಮನೆಮಾತಿನಲ್ಲೂ ಆಟ ಸಿಕ್ಕಿಕೊಂಡರೆ, ತಿಂಗಳುಗಟ್ಟಲೆ ಕಲಿಸಿದ ಅಕ್ಷರ ಮತ್ತೆ ಮತ್ತೆ ಜಾರಿದರೆ, ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕೆಯ ತೊಡಕು) ಇರಬಹುದೆಂದು ತಜ್ಞರ ಬಳಿ ಕಳಿಸಬೇಕು. ಹೆಸರಿಡುವುದು ಟೀಚರ ಕೆಲಸವಲ್ಲ.

ಆದರೆ ಹೆಸರು ಸಿಗುವವರೆಗೆ ಕಾಯಬೇಡಿ. ಕನ್ನಡದಲ್ಲಿ ಅಕ್ಷರ ಕಂಡ ಹಾಗೆ ಓದಬಹುದು ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಈ ಮಕ್ಕಳಲ್ಲಿ ಅದರಿಂದಲೇ ತೊಡಕು ಮರೆಯಾಗುತ್ತದೆ: ತಪ್ಪು ಕಡಿಮೆ, ವೇಗ ಮಾತ್ರ ತೀರಾ ಕಡಿಮೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅದರ ಮೊದಲ ಪದ ಮರೆತಿರುತ್ತದೆ. ‘ಉದಾಸೀನ ಇವನಿಗೆ’ ಎಂದು ನಾವು ಬೈಯುವುದು ಇಲ್ಲೇ.

ಒತ್ತಕ್ಷರಕ್ಕೆ ನಾನು ಚಪ್ಪಾಳೆ ಹಚ್ಚಿದ್ದೇನೆ. ಮೊದಲು ಪುಸ್ತಕ ಮುಚ್ಚಿ, ಬಾಯಲ್ಲೇ ‘ಸೂರ್ – ಯ’, ಎರಡು ಚಪ್ಪಾಳೆ. ಆಮೇಲೆ ಹಲಗೆಯಲ್ಲಿ ಯಕಾರ ಬಿಳಿ ಚಾಕ್‌ನಲ್ಲಿ, ಅರ್ಕಾವೊತ್ತು ಕೆಂಪಿನಲ್ಲಿ. ಮಗು ಬೆರಳನ್ನು ಮೊದಲು ಕೆಂಪಿನ ಮೇಲಿಟ್ಟು ‘ರ್’ ಎನ್ನಬೇಕು, ಹಿಂದೆ ಜಾರಿಸಿ ‘ಯ’ ಎನ್ನಬೇಕು. ಸೂರ್ಯ, ಕಾರ್ಯ, ಮರ್ಯಾದೆ, ಒಂದು ವಾರ ಇಷ್ಟೇ. ‘ತರ್ಕ’, ‘ವರ್ಷ’ ಮುಂದಿನ ವಾರ. ದ-ಧ-ಥ, ಬ-ಭ ಇವನ್ನೆಲ್ಲ ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ತಟ್ಟೆಯಲ್ಲಿ ಹೊಯಿಗೆ (ಮರಳು) ಹರಡಿ, ಸದ್ದು ಹೇಳುತ್ತಾ ಬೆರಳಲ್ಲಿ ಬರೆಸಿ. ಹಳೆಯ ಮದುವೆ ಕಾಗದದ ರಟ್ಟಿನಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕಿಂಡಿ ಕೊರೆದು ಕೊಟ್ಟರೆ ಸಾಲು ತಪ್ಪುವುದು ನಿಲ್ಲುತ್ತದೆ.

ಎಲ್ಲರೆದುರು ಎದ್ದು ನಿಂತು ಹೊಸ ಪಾಠ ಓದು ಎಂದು ಈ ಮಕ್ಕಳಿಗೆ ಯಾವತ್ತೂ ಹೇಳಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ನಾಳೆ ಓದಬೇಕಾದ ನಾಲ್ಕು ಸಾಲನ್ನು ಇವತ್ತೇ ಗುರುತು ಹಾಕಿಕೊಡಿ, ಮನೆಯಲ್ಲಿ ಕೇಳಲಿ ಎಂದು ನಿಮ್ಮ ದನಿಯಲ್ಲಿ ವಾಟ್ಸಾಪ್‌ಗೆ ಹಾಕಿ. ಹಲಗೆಯಿಂದ ಪುಟಗಟ್ಟಲೆ ನಕಲು ಬೇಡ. ಬಾಯಲ್ಲಿ ಹೇಳಿದ ಉತ್ತರಕ್ಕೂ ಅಂಕ ಕೊಡಿ.

ಲೆಕ್ಕದ ತೊಡಕು ಬೇರೆಯದೇ. ಒಂಬತ್ತು, ಎಂಬತ್ತು, ತೊಂಬತ್ತು: ಮೂರನ್ನೂ ಜೋರಾಗಿ ಹೇಳಿ ನೋಡಿ, ಎಷ್ಟು ಹತ್ತಿರದ ಸದ್ದುಗಳು! ಒಬ್ಬಳು ಹುಡುಗಿ ‘ಎಂಬತ್ತು’ ಎಂದು ಕೇಳಿ 9 ಬರೆಯುತ್ತಿದ್ದಳು. ಅವಳಿಗಾಗಿ ಹಿಡಿಸೂಡಿಯ (ಕಡ್ಡಿ ಪೊರಕೆಯ) ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ. ಎಂಟು ಕಟ್ಟು ಎಂಬತ್ತು, ಒಂಬತ್ತು ಬಿಡಿ ಕಡ್ಡಿ ಒಂಬತ್ತು. ಕೈಯಲ್ಲಿ ತೂಗಿ ನೋಡಿದ ಮೇಲೆ ಅವಳಿಗೆ ವ್ಯತ್ಯಾಸ ತಿಳಿಯಿತು. ಕಳೆಯುವಾಗ ‘ದಶಕ ತೆಗೆದುಕೊಳ್ಳುವುದು’ ಎಂದರೆ ಒಂದು ಕಟ್ಟಿನ ರಬ್ಬರ್ ಬಿಚ್ಚುವುದು. ಕಡ್ಡಿಯಾದ ಮೇಲೆ ಚಿತ್ರ, ಕೊನೆಗೆ ಅಂಕಿ. ಈ ಕ್ರಮ ಅವಸರದಲ್ಲಿ ದಾಟಬಾರದು. ಅಂಕಿ ಸಾಲು ತಪ್ಪದಂತೆ ಚೌಕುಳಿ ಪುಸ್ತಕ ಕೊಡಿ. ಮಗ್ಗಿ ಬಾಯಿಪಾಠ ಬರದವರಿಗೆ ಮಗ್ಗಿ ಚೀಟಿ ಪಕ್ಕದಲ್ಲಿರಲಿ, ಅದು ಮೋಸವಲ್ಲ. ಮಾತಿನ ಲೆಕ್ಕವನ್ನು ನೀವೇ ಓದಿ ಹೇಳಿ. ಓದಲಾಗದ್ದಕ್ಕೆ ಲೆಕ್ಕದಲ್ಲಿ ಸೊನ್ನೆ ಬೀಳಬಾರದು. ಇಪ್ಪತ್ತು ಲೆಕ್ಕದ ಬದಲು ಐದು ಸಾಕು.

ಮನೆಯಲ್ಲಿ ತಾಯಿ ಬೀಡಿ ಕಟ್ಟುವ ಒಬ್ಬ ಹುಡುಗ 25ರ ಮಗ್ಗಿ ಹೇಳಲಾರ. 25 ಬೀಡಿಯ ನಾಲ್ಕು ಕಟ್ಟಿಗೆ ಎಷ್ಟೆಂದರೆ ಕಣ್ಣು ಮಿಟುಕಿಸದೆ ನೂರು ಎನ್ನುತ್ತಾನೆ. ಪಾಠ ಅಲ್ಲಿಂದ ಶುರು ಮಾಡಿದೆ.

ಇನ್ನು ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ನಮ್ಮಲ್ಲಿ ಪ್ರಮಾಣಪತ್ರಕ್ಕೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರ ಮೂಲಕ ಹೋಗುವುದು ಸುಲಭ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಪರೀಕ್ಷೆಗೆ ಹೋದ ಒಂದು ಕಡೆ ನನ್ನ ವಿದ್ಯಾರ್ಥಿಯನ್ನು ಅವನಿಗೆ ಬಾರದ ಮಲಯಾಳದಲ್ಲಿ ಪ್ರಶ್ನೆ ಕೇಳಿ ‘ಬುದ್ಧಿ ಕಡಿಮೆ’ ಎಂದು ಬರೆದುಬಿಟ್ಟರು. ಅವನ ಅಮ್ಮ ಆ ಕಾಗದ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಅವರಿಗೆ ಅದನ್ನು ಓದಲೂ ಬರುತ್ತಿರಲಿಲ್ಲ. ಎರಡನೇ ಸಲ ನಾನೇ ಜೊತೆಗೆ ಹೋಗಿ, ಕನ್ನಡದಲ್ಲೂ ತುಳುವಿನಲ್ಲೂ ಕೇಳಿಸಿದೆ, ವರದಿ ಬದಲಾಯಿತು.

ಆದ್ದರಿಂದ ಮಗುವನ್ನು ಕಳಿಸುವಾಗ ಒಂದು ಹಾಳೆ ಜೊತೆಗಿಡಿ: ಮನೆಮಾತು ಯಾವುದು, ಶಾಲೆಯ ಮಾತು ಯಾವುದು, ಯಾವ ಅಕ್ಷರ ಜಾರುತ್ತದೆ, ಯಾವ ಕೆಲಸದಲ್ಲಿ ಮಗು ಗಟ್ಟಿ. ನೋಟ್‌ಬುಕ್ಕಿನ ಎರಡು ಪುಟದ ಜೆರಾಕ್ಸ್ ಲಗತ್ತಿಸಿ, ಒಂದು ಪ್ರತಿ ಶಾಲೆಯಲ್ಲೇ ಇಟ್ಟುಕೊಳ್ಳಿ.