ಎಲ್‌ಡಿಎಲ್ 168ರಿಂದ 83ಕ್ಕೆ: ಪಂದಿಕರಿ, ಕಾಫಿ ಮತ್ತು ಒಂದು ಮಾತ್ರೆ

ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 248, ಎಚ್‌ಡಿಎಲ್ (ಒಳ್ಳೆಯದೆನ್ನುವ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 210, ಎಲ್‌ಡಿಎಲ್ (ಕೆಟ್ಟದೆನ್ನುವ ಕೊಲೆಸ್ಟ್ರಾಲ್) 168 ಎಂದಿತ್ತು, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಆಗ ನನಗೆ 46 ವರ್ಷ. ಎದೆನೋವಿರಲಿಲ್ಲ, ಏದುಸಿರೂ ಇರಲಿಲ್ಲ. ಕಾಫಿ ತೋಟದ ಏರಿಳಿತಗಳಲ್ಲಿ ದಿನವಿಡೀ ಓಡಾಡುವ ಮೈ. ವಿರಾಜಪೇಟೆಯ ನಮ್ಮ ವೈದ್ಯರು ವರದಿ ನೋಡಿ, "ನಿಮ್ಮ ತಂದೆಯವರಿಗೆ ಏನಾಗಿತ್ತು?" ಎಂದು ಕೇಳಿದರು. ಅಪ್ಪನಿಗೆ 52ನೇ ವಯಸ್ಸಿನಲ್ಲೇ ಪಾರ್ಶ್ವವಾಯು ಬಡಿದಿತ್ತು. ನನ್ನ ರಕ್ತದೊತ್ತಡವೂ 146ಕ್ಕೆ ಏರಿತ್ತು. ಇವನ್ನೆಲ್ಲ ಕೂಡಿಸಿ ನೋಡಿಯೇ ಅವರು ಮಾತ್ರೆ ಬರೆದರು. ಅದೇ 168 ಇದ್ದರೂ, ಬೇರೆ ಯಾವ ತೊಂದರೆಯೂ ಇಲ್ಲದ ಯುವಕನಿಗೆ ಮೊದಲು ಊಟ ಬದಲಿಸಲು ಹೇಳುತ್ತಿದ್ದರಂತೆ.

ಎಲ್‌ಡಿಎಲ್ ಕಣಗಳು ರಕ್ತನಾಳದ ಒಳಪದರಕ್ಕೆ ನುಸುಳಿ ವರ್ಷಗಟ್ಟಲೆ ಸದ್ದಿಲ್ಲದೆ ಶೇಖರವಾಗುತ್ತವೆ. ಹಾಗೆ ಶೇಖರವಾದ ದಪ್ಪ ಪದರ ಒಂದು ದಿನ ಬಿರಿದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ. ಕುತ್ತಿಗೆಯ ನಾಳದಿಂದ ಹೆಪ್ಪಿನ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮೈಗೆ ಏನೂ ಗೊತ್ತಾಗದಿರುವುದೇ ಇದರ ಅಪಾಯ.

ಮಾತ್ರೆಯ ಹೆಸರು ರೋಸುವಾಸ್ಟಾಟಿನ್, 10 ಮಿಲಿಗ್ರಾಂ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮದ್ದು. ಸ್ಟಾಟಿನ್ ಎಂದರೆ ನಮ್ಮ ಕಡೆ ಜನ ಹೆದರುತ್ತಾರೆ: ಯಕೃತ್ತು ಹಾಳಾಗುತ್ತದೆ, ಒಮ್ಮೆ ಹಿಡಿದರೆ ಬಿಡಿಸಲಾಗದು ಎನ್ನುತ್ತಾರೆ. ದೇಹದ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ಯಕೃತ್ತಿನ ಆ ತಯಾರಿಕೆಯನ್ನು ಮಾತ್ರೆ ತಗ್ಗಿಸುತ್ತದೆ. ಆಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಲ್ಲಿರುವ ಎಲ್‌ಡಿಎಲ್‌ನಿಂದ ಸೆಳೆದುಕೊಳ್ಳುತ್ತದೆ. ಈ ಸೆಳೆತದ ಗುಟ್ಟನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ವರದಿಯಲ್ಲಿನ ಎಲ್‌ಡಿಎಲ್ ಅಂಕೆ ಸುಮಾರು 39ರಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ತಗ್ಗುತ್ತದೆ. ಇದು ತಿಳಿದ ಮೇಲೆ ನನಗೆ ಹೆದರಿಕೆ ಉಳಿಯಲಿಲ್ಲ. ಮೊದಲ ವಾರಗಳಲ್ಲಿ ತೊಡೆ ನೋಯುತ್ತದೆ ಎನ್ನಿಸಿದಾಗ ನಾನೇ ನಿಲ್ಲಿಸದೆ ವೈದ್ಯರಿಗೆ ಹೇಳಿದೆ. ಅವರು ಪರೀಕ್ಷೆ ಮಾಡಿ ನೋಡಿ, ಮಾತ್ರೆ ಮುಂದುವರಿಸಲು ಹೇಳಿದರು. ನೋವು ತಾನಾಗಿ ಹೋಯಿತು.

ಇನ್ನು ಅಡುಗೆಮನೆ. ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ಬಿಡು ಎಂದರೆ ಕೊಡಗಿನಲ್ಲಿ ಹಬ್ಬವನ್ನೇ ಬಿಡು ಎಂದಂತೆ. ನಾನು ಬಿಟ್ಟಿಲ್ಲ. ವಾರದ ಊಟದಿಂದ ತೆಗೆದು ಕೈಲ್ ಮುಹೂರ್ತ, ಹುತ್ತರಿ, ಮದುವೆ ಮನೆಗಳಿಗೆ ಇಟ್ಟುಕೊಂಡೆ. ಮನೆಯಲ್ಲಿ ಮಾಡುವಾಗ ಕೊಬ್ಬು ಕಡಿಮೆ ಇರುವ ತುಂಡು ಕೇಳಿ ತರುತ್ತೇನೆ. ಹಿಂದಿನ ಸಂಜೆಯೇ ಬೇಯಿಸಿ, ಆರಿಸಿ, ಫ್ರಿಜ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಪಾತ್ರೆಯ ಮೇಲೆ ಮಸಾಲೆಯ ಕಂದು ಹತ್ತಿದ ಕೊಬ್ಬು ಗಟ್ಟಿಯಾಗಿ ನಿಂತಿರುತ್ತದೆ. ಅಂಚಿಗೆ ಚಮಚ ತೂರಿಸಿ ಎಬ್ಬಿಸಿದರೆ ದೋಸೆಯ ಹಾಗೆ ಒಂದೇ ಪದರವಾಗಿ ಏಳುತ್ತದೆ. ಅದನ್ನು ತೆಗೆದು ಮತ್ತೆ ಬಿಸಿಗಿಟ್ಟು, ಕೊನೆಗೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಬಿಡುತ್ತೇನೆ. ರುಚಿಯೆಲ್ಲ ಹುರಿದ ಮಸಾಲೆಯಲ್ಲೂ ಆ ಹುಳಿಯಲ್ಲೂ ಇದೆ. ಕಡುಬಿಗೆ ಏನೂ ಕಡಿಮೆಯಾಗುವುದಿಲ್ಲ.

ಬೆಣ್ಣೆಯ ಜಾಗಕ್ಕೆ ನಮ್ಮ ತೋಟದ್ದೇ ಬೆಣ್ಣೆಹಣ್ಣು ಬಂತು. ಅಕ್ಕಿರೊಟ್ಟಿಗೆ ಉಪ್ಪು, ಮೆಣಸು ಬೆರೆಸಿ ಸವರಿಕೊಂಡರೆ ಸಾಕು. ಅದರ ಕೊಬ್ಬು ಎಲ್‌ಡಿಎಲ್ ಏರಿಸುವ ಜಾತಿಯದಲ್ಲ. ಹುರುಳಿಕಾಳು, ಸೊಪ್ಪು ಹೆಚ್ಚಿದವು. ರಾತ್ರಿಯ ಮದ್ಯ ನಿಲ್ಲಿಸಿದ್ದರಿಂದ ಟ್ರೈಗ್ಲಿಸರೈಡ್ ಇಳಿಯಿತು ಎಂದು ವೈದ್ಯರ ಅಭಿಪ್ರಾಯ.

ಕಾಫಿ ಬೆಳೆಯುವ ನನಗೆ ಬೆರಗು ಹುಟ್ಟಿಸಿದ್ದು ಕಾಫಿಯೇ. ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ವಸ್ತುವಿದೆ. ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಹೆಚ್ಚು, ಕಾಗದದ ಫಿಲ್ಟರ್‌ನಲ್ಲಿ ಇಳಿಸಿದರೆ ಬಹುಪಾಲು ಕಾಗದದಲ್ಲೇ ಉಳಿಯುತ್ತದೆ. ಅರೇಬಿಕಾಕ್ಕಿಂತ ನಮ್ಮ ರೋಬಸ್ಟಾದಲ್ಲಿ ಕಡಿಮೆ. ದಿನಕ್ಕೆ ಹಲವು ಲೋಟ ಕುದಿಸಿದ ಬೆಲ್ಲದ ಕಾಫಿ ಕುಡಿಯುತ್ತಿದ್ದ ಮನೆ ನಮ್ಮದು. ಈಗ ಡಿಕಾಕ್ಷನ್ ಅನ್ನು ಕಾಗದದಲ್ಲಿ ಸೋಸುತ್ತೇವೆ. ನಿಧಾನವಾಗಿ ತೊಟ್ಟಿಕ್ಕುತ್ತದೆ, ಅಷ್ಟೇ. ಘಮ ಹಾಗೆಯೇ ಇದೆ.

ಮೂರು ತಿಂಗಳಿಗೆ ಒಟ್ಟು 152, ಟ್ರೈಗ್ಲಿಸರೈಡ್ 140, ಎಲ್‌ಡಿಎಲ್ 83. ಎಚ್‌ಡಿಎಲ್ ಮಾತ್ರ 41ರ ಮೇಲೆ ಏಳಲಿಲ್ಲ. ಸರಿಹೋಯಿತಲ್ಲ, ಇನ್ನು ಮಾತ್ರೆ ಯಾಕೆ ಎಂದು ಅತ್ತಿಗೆ ಕೇಳಿದರು. ಈ 83 ಬಂದದ್ದೇ ಬಹುಪಾಲು ಮಾತ್ರೆಯಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಹಳೆಯ ಜಾಗಕ್ಕೆ ಹೋಗುತ್ತದೆ. ತಮ್ಮನಿಗೂ ಪರೀಕ್ಷೆ ಮಾಡಿಸಿದೆ. ಅವನ ಎಲ್‌ಡಿಎಲ್ 171, ತೋಟದಲ್ಲಿ ನನಗಿಂತ ಚುರುಕಾಗಿ ನಡೆಯುತ್ತಾನೆ.

ಅಪಾಯ ತಗ್ಗಿದೆ, ಹೋಗಿಲ್ಲ. ನಮ್ಮಿಂದ ಮೈಸೂರು ಸುಮಾರು 100 ಕಿಲೋಮೀಟರ್, ಮಳೆಗಾಲದಲ್ಲಿ ಮರ ಬಿದ್ದರೆ ದಾರಿಯೇ ಇಲ್ಲ. ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲು ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿದೆ. ಪಾರ್ಶ್ವವಾಯುವಿಗೆ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಚುಚ್ಚುಮದ್ದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಗಂಟೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕೆಂದು ಮನೆಯವರಿಗೂ ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೂ ಹೇಳಿಕೊಟ್ಟಿದ್ದೇನೆ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ಗೋಣಿಕೊಪ್ಪದ ದಾರಿ ಕಟ್ಟಿದ್ದರೆ ಯಾವ ಕಡೆಯಿಂದ ಹೋಗಬೇಕು ಎಂಬುದನ್ನೂ ಜೀಪು ಓಡಿಸುವ ಹುಡುಗನಿಗೆ ತೋರಿಸಿಟ್ಟಿದ್ದೇನೆ.