ಬರ್ಗರ್ ರುಚಿ, ಸರ್ವಿಸ್ ಮಾತ್ರ ಸರಿಯಿಲ್ಲ ಅನ್ನೋ ಕಡೆ ಹೀಗೆ ಮಾಡಿ

ಬರ್ಗರ್ ಚೆನ್ನಾಗಿದ್ದು ಆರ್ಡರ್ ಮಾತ್ರ ಪದೇ ಪದೇ ತಪ್ಪಾಗಿ ಬರುವ ಜಾಗದಲ್ಲಿ, ದುಡ್ಡು ಕೊಡುವ ಮೊದಲು ‘ಆರ್ಡರ್ ಒಂದ್ಸಲ ಓದಿ ಹೇಳ್ತೀರಾ’ ಅಂತ ಕೌಂಟರ್‌ನವರನ್ನು ಕೇಳಿ, ಬಿಲ್ ಬಂದ ತಕ್ಷಣ ಅಲ್ಲೇ ನಿಂತು ನೋಡಿ. ಈರುಳ್ಳಿ ಬೇಡ, ಸಾಸ್ ಬೇರೆ ಕೊಡಿ ಅಂತ ನೀವು ಹೇಳಿದ್ದು ಅದರಲ್ಲಿ ಇರಬೇಕು. ಯಾಕಂದ್ರೆ ಒಳಗೆ ಬರ್ಗರ್ ಮಾಡುವವರು ನಿಮ್ಮ ಮಾತು ಕೇಳಿರುವುದಿಲ್ಲ, ಅವರಿಗೆ ಕಾಣುವುದು ಚೀಟಿ ಅಥವಾ ಸ್ಕ್ರೀನ್ ಅಷ್ಟೇ. ಕೌಂಟರ್‌ನಲ್ಲಿ ಟೈಪ್ ಆಗದಿದ್ದರೆ ಅದು ಅಡುಗೆಮನೆ ತಲುಪುವುದೇ ಇಲ್ಲ. ಪ್ಯಾಟಿ ಗ್ರಿಲ್ ಮೇಲೆ ಬೀಳುವ ಮೊದಲು ತಿದ್ದುವುದು ಸುಲಭ, ಆಮೇಲೆ ವಾದ ಮಾಡುತ್ತಾ ನಿಂತರೆ ಹೊಸ ಬರ್ಗರ್ ಬರುವಷ್ಟರಲ್ಲಿ ಫ್ರೈಸ್ ತಣ್ಣಗಾಗಿ ಮೆತ್ತಗಾಗಿರುತ್ತದೆ, ಕೌಂಟರ್‌ನಲ್ಲಿ ಇರುವವರ ಮೂಡ್ ಕೂಡ ಕೆಟ್ಟಿರುತ್ತದೆ. ಪಾರ್ಸೆಲ್ ಆದರೆ ಬಾಗಿಲು ದಾಟುವ ಮೊದಲು ಡಬ್ಬಿ ತೆರೆದು ನೋಡಿ, ಇದರಲ್ಲಿ ಸಂಕೋಚ ಬೇಡ. ತುಂಬಾ ರಶ್ ಇದ್ದಾಗ ಬಿಲ್ ನೋಡುವ ಉಪಾಯ ಅಷ್ಟಾಗಿ ನಡೆಯಲ್ಲ, ಚೀಟಿ ಸರಿಯಿದ್ದರೂ ಒಳಗೆ ಎರಡು ಆರ್ಡರ್ ಅದಲುಬದಲು ಆಗಬಹುದು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೋದರೆ ಒಳ್ಳೆಯದು. ಸಿಬ್ಬಂದಿ ಒರಟಾಗಿ ಮಾತಾಡುತ್ತಾರೆ ಅನ್ನೋದಕ್ಕೆ ಇದರಿಂದ ಪರಿಹಾರ ಸಿಗಲ್ಲ, ಅದನ್ನು ಮ್ಯಾನೇಜರ್ ಹತ್ತಿರವೇ ಹೇಳಬೇಕು. ಇನ್ನೊಂದು, ಅಲರ್ಜಿ ಇರುವವರು ದಯವಿಟ್ಟು ಬಿಲ್ ಒಂದನ್ನೇ ನಂಬಬೇಡಿ. ಒಂದೇ ಗ್ರಿಲ್, ಒಂದೇ ಇಕ್ಕಳ ಎಲ್ಲದಕ್ಕೂ ಬಳಸುತ್ತಿರಬಹುದು. ಅದನ್ನು ನೇರವಾಗಿ ಕೇಳಿ, ಉತ್ತರ ಸ್ಪಷ್ಟವಾಗಿ ಬರದಿದ್ದರೆ ಅಲ್ಲಿ ತಿನ್ನಬೇಡಿ.